ದವಡೆ ಮೂಳೆ ಸರಿಯಿಲ್ಲದವರಿಗೆ ದಂತ ಇಂಪ್ಲಾಂಟ್: ಮಲೆನಾಡಿನ ರೋಗಿಗಳು ಅರಿತಿರಬೇಕಾದ ಸಂಗತಿಗಳು

ಹಲ್ಲು ಕಳೆದುಕೊಂಡವರಿಗೆ ದವಡೆಯ ಮೂಳೆಯೊಳಗೆ ಲೋಹದ ಬೇರನ್ನು ಕೂರಿಸಿ, ಅದರ ಮೇಲೆ ಕೃತಕ ಹಲ್ಲು ಕಟ್ಟುವ ಇಂಪ್ಲಾಂಟ್ ಚಿಕಿತ್ಸೆ ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ಮಲೆನಾಡಿನ ತಾಲ್ಲೂಕುಗಳ ಜನರೂ ಅದರ ಬಗ್ಗೆ ವಿಚಾರಿಸತೊಡಗಿದ್ದಾರೆ. ಆದರೆ ದಂತ ವೈದ್ಯರ ಕುರ್ಚಿಯಲ್ಲಿ ಕುಳಿತ ಅನೇಕರಿಗೆ ಸಿಗುವ ಮೊದಲ ಉತ್ತರ ‘ನಿಮ್ಮ ದವಡೆಯಲ್ಲಿ ಮೂಳೆ ಸಾಲದು’ ಎಂಬುದು.

ಈ ಮಾತು ಚಿಕಿತ್ಸೆಯ ಬಾಗಿಲು ಮುಚ್ಚಿತೆಂದು ಸಾರುವ ತೀರ್ಪಲ್ಲ. ಹಾಗೆಂದು ಅದನ್ನು ಲಘುವಾಗಿ ಪರಿಗಣಿಸುವಂತೆಯೂ ಇಲ್ಲ. ಮೂಳೆ ಏಕೆ ಸಾಲದು, ಎಷ್ಟು ಸಾಲದು, ಅದರ ಹಿಂದೆ ಯಾವ ಕಾಯಿಲೆ ಇದೆ ಎಂಬ ಮೂರು ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿ ಚಿಕಿತ್ಸೆಯ ಹಾದಿ ಬದಲಾಗುತ್ತದೆ.

ಮೊದಲ ರೋಗಿಯೇ ವಿಕೃತ ದವಡೆಯವನು

ಸ್ವೀಡನ್ನಿನ ಮೂಳೆ ತಜ್ಞ ಪ್ರೊ. ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲಗಳ ಮೂಳೆಯಲ್ಲಿ ರಕ್ತ ಸಂಚಾರವನ್ನು ಅಭ್ಯಸಿಸುತ್ತಿದ್ದರು. ಅದಕ್ಕಾಗಿ ಅಳವಡಿಸಿದ್ದ ಟೈಟಾನಿಯಂ ಉಪಕರಣವನ್ನು ಪ್ರಯೋಗದ ಬಳಿಕ ಹೊರತೆಗೆಯಲು ಹೋದಾಗ ಅದು ಮೂಳೆಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದು ಕಂಡುಬಂತು. ಟೈಟಾನಿಯಂ ಮೇಲ್ಮೈಯಲ್ಲಿ ತಾನಾಗಿಯೇ ಮೂಡುವ ಆಕ್ಸೈಡ್ ಪದರವನ್ನು ಶರೀರವು ಪರಕೀಯವೆಂದು ತಿರಸ್ಕರಿಸುವುದಿಲ್ಲ. ಮೂಳೆಯ ಜೀವಕೋಶಗಳು ನೇರವಾಗಿ ಅದಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಇಂದಿನ ದಂತ ಇಂಪ್ಲಾಂಟಿನ ತಳಹದಿ ಈ ಮೂಳೆ ಬೆಸುಗೆಯೇ.

1965ರಲ್ಲಿ ಬ್ರೋನೆಮಾರ್ಕ್ ತಮ್ಮ ವಿಧಾನವನ್ನು ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗಿಸಿದರು. ಆ ರೋಗಿ ಗೋಸ್ತಾ ಲಾರ್ಸನ್ ಸಾಧಾರಣ ದವಡೆಯುಳ್ಳವರಾಗಿರಲಿಲ್ಲ. ಸೀಳು ಅಂಗುಳ, ಗಲ್ಲ ಹಾಗೂ ದವಡೆಯ ಹುಟ್ಟು ವಿಕೃತಿ ಅವರಿಗಿತ್ತು, ಕೆಳದವಡೆಯಲ್ಲಿ ಹಲ್ಲುಗಳಿರಲಿಲ್ಲ. ಅಲ್ಲಿ ಕೂರಿಸಿದ ನಾಲ್ಕು ಟೈಟಾನಿಯಂ ಬೇರುಗಳು 2006ರಲ್ಲಿ ಅವರು ನಿಧನರಾಗುವವರೆಗೆ, ಅಂದರೆ ನಾಲ್ಕು ದಶಕಗಳಿಗೂ ಮಿಕ್ಕಿ, ಕೆಲಸ ಮಾಡಿದವು. 1982ರ ಟೊರಾಂಟೊ ಸಮ್ಮೇಳನದ ನಂತರ ಜಗತ್ತಿನ ದಂತ ವೈದ್ಯರು ಈ ವಿಧಾನವನ್ನು ವ್ಯಾಪಕವಾಗಿ ಒಪ್ಪಿಕೊಂಡರು. ದವಡೆ ಸಹಜವಾಗಿಲ್ಲದವರಿಗೆ ಇಂಪ್ಲಾಂಟ್ ಅಸಾಧ್ಯವೆಂಬ ತಿಳಿವಳಿಕೆ ಸರಿಯಲ್ಲ ಎನ್ನಲು ಈ ಚಿಕಿತ್ಸೆಯ ಇತಿಹಾಸದ ಮೊದಲ ಪುಟವೇ ಸಾಕ್ಷಿ.

ಮೂಳೆ ಕರಗುವುದೇಕೆ?

ಹಲ್ಲನ್ನು ಹಿಡಿದಿಟ್ಟಿರುವ ದವಡೆಯ ಅಂಚಿನ ಮೂಳೆ ಬದುಕಿರುವುದು ಹಲ್ಲಿಗಾಗಿ. ಅಗಿಯುವಾಗ ಹಲ್ಲಿನ ಬೇರಿನಿಂದ ಬರುವ ಒತ್ತಡ ನಿಂತೊಡನೆ ಆ ಮೂಳೆ ಸವೆಯತೊಡಗುತ್ತದೆ. ಹಲ್ಲು ಕಿತ್ತ ಒಂದು ವರ್ಷದಲ್ಲಿ ಆ ಜಾಗದ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧದಷ್ಟು ಕುಗ್ಗಬಹುದು. ಅದರಲ್ಲಿಯೂ ದೊಡ್ಡ ಪಾಲು ಮೊದಲ ಮೂರು ತಿಂಗಳಿನಲ್ಲಿಯೇ ನಡೆದುಹೋಗುತ್ತದೆ. ಹತ್ತಾರು ವರ್ಷಗಳಿಂದ ಹಲ್ಲುಸೆಟ್ಟು ಧರಿಸಿದವರ ಕೆಳದವಡೆ ಬೆರಳಿನಷ್ಟು ತೆಳುವಾಗಿರುವುದುಂಟು. ‘ಸೆಟ್ಟು ನಿಲ್ಲುವುದೇ ಇಲ್ಲ’ ಎಂಬ ಹಿರಿಯರ ದೂರಿಗೆ ಇದೇ ಕಾರಣ.

ವಸಡಿನ ರೋಗ ಮತ್ತೊಂದು ಕಾರಣ. ಹಲ್ಲು ಅಲುಗಾಡಿ ಬೀಳುವ ಮೊದಲೇ ಅದರ ಸುತ್ತಲಿನ ಮೂಳೆಯನ್ನು ಈ ಸೋಂಕು ತಿಂದುಹಾಕಿರುತ್ತದೆ. ಅಪಘಾತ, ದವಡೆಯೊಳಗಿನ ನೀರುಗುಳ್ಳೆ, ಗಡ್ಡೆ, ಹುಟ್ಟು ದೋಷ, ವಿಕಿರಣ ಚಿಕಿತ್ಸೆ ಇವು ಉಳಿದ ಕಾರಣಗಳು.

ಮೇಲ್ದವಡೆಯ ಹಿಂಭಾಗದ ಸಮಸ್ಯೆ ಬೇರೆಯೇ. ಅಲ್ಲಿ ದವಡೆ ಹಲ್ಲುಗಳ ಮೇಲೆ ಗಾಳಿ ತುಂಬಿದ ಸೈನಸ್ ಕೋಣೆಯಿದೆ. ಹಲ್ಲು ಹೋದ ಮೇಲೆ ಆ ಕೋಣೆ ಕೆಳಗಿಳಿಯುತ್ತ ಬಂದು, ಮೂರು-ನಾಲ್ಕು ಮಿಲಿಮೀಟರ್ ಮೂಳೆಯಷ್ಟೇ ಉಳಿಯಬಹುದು. ಕೆಳದವಡೆಯ ಹಿಂಭಾಗದಲ್ಲಿ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ನೀಡುವ ನರ ಮೂಳೆಯೊಳಗೇ ಹಾದುಹೋಗುತ್ತದೆ. ಇಂಪ್ಲಾಂಟಿನ ತುದಿಗೂ ಆ ನರಕ್ಕೂ ಕನಿಷ್ಠ 2 ಮಿ.ಮೀ. ಅಂತರವಿರಬೇಕೆಂಬುದು ತಜ್ಞರು ಅನುಸರಿಸುವ ನಿಯಮ. ಅದು ತಪ್ಪಿದರೆ ತುಟಿ ಶಾಶ್ವತವಾಗಿ ಜೋಮು ಹಿಡಿಯುವ ಅಪಾಯವಿದೆ.

ಮೂಳೆಯ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. 1985ರಲ್ಲಿ ಲೆಕ್‌ಹೋಮ್ ಮತ್ತು ಝಾರ್ಬ್ ಎಂಬ ತಜ್ಞರು ದವಡೆಯ ಮೂಳೆಯನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದರು. ಮೊದಲ ಬಗೆ ಬಹುತೇಕ ಗಟ್ಟಿ ಕವಚದಿಂದ ಕೂಡಿದ್ದು. ನಾಲ್ಕನೆಯದು ತೆಳು ಸಿಪ್ಪೆಯೊಳಗಿನ ಸಡಿಲ ಜಾಲರಿಯಂಥದ್ದು. ಈ ನಾಲ್ಕನೆಯ ಬಗೆ ಮೇಲ್ದವಡೆಯ ಹಿಂಭಾಗದಲ್ಲಿ ಸಾಮಾನ್ಯ. ಇಂಪ್ಲಾಂಟ್ ವಿಫಲವಾಗುವ ಸಂಭವವೂ ಅಲ್ಲಿಯೇ ಹೆಚ್ಚು.

ಅಡಿಕೆ ನಾಡಿನ ವಿಶೇಷ ಸಮಸ್ಯೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬದುಕು ಅಡಿಕೆ ತೋಟವನ್ನು ಸುತ್ತುವರಿದಿದೆ. ಮನೆಗೆ ಬಂದವರ ಮುಂದೆ ಎಲೆಅಡಿಕೆ ತಟ್ಟೆ ಇಡುವುದು, ಊಟದ ನಂತರ ಕವಳ ಹಾಕುವುದು ಇಲ್ಲಿನ ಸಂಪ್ರದಾಯ. ಕವಳಕ್ಕೆ ಹೊಗೆಸೊಪ್ಪು ಸೇರಿಸುವವರೂ ಇದ್ದಾರೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದರೂ ಅಡಿಕೆ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿ ಜಗಿಯುವ ಚಟ ಉಳಿದುಕೊಂಡಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ತಂಬಾಕು ಬೆರೆಸದ ಎಲೆಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪದೆ, ಸಾಂಪ್ರದಾಯಿಕ ಬಳಕೆಯನ್ನು ಗುಟ್ಕಾದೊಂದಿಗೆ ಸಮೀಕರಿಸಬಾರದೆಂದು ವಾದಿಸುತ್ತ ಬಂದಿವೆ. ಜೀವನೋಪಾಯದ ಪ್ರಶ್ನೆ ಅಡಗಿರುವ ಈ ವಾದ ಏನೇ ಇರಲಿ, ಅಡಿಕೆಯನ್ನು ದೀರ್ಘಕಾಲ ಜಗಿಯುವವರ ಬಾಯಿಯಲ್ಲಿ ಆಗುವ ಬದಲಾವಣೆ ದಂತ ವೈದ್ಯರಿಗೆ ಪರಿಚಿತವಾದದ್ದೇ.

ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಕಾಯಿಲೆಯಲ್ಲಿ ಕೆನ್ನೆಯ ಒಳಪದರದ ಕೆಳಗೆ ಗಟ್ಟಿಯಾದ ನಾರು ಕಟ್ಟುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾರಿನ ಉತ್ಪತ್ತಿಯನ್ನು ಪ್ರಚೋದಿಸಿದರೆ, ಅದರ ಟ್ಯಾನಿನ್ ಮತ್ತು ತಾಮ್ರದ ಅಂಶಗಳು ಆ ನಾರು ಕರಗದಂತೆ ಬಿಗಿಗೊಳಿಸುತ್ತವೆ. ಖಾರ ತಿಂದರೆ ಉರಿ, ಬಿಳಿಚಿದ ಕೆನ್ನೆ, ಕ್ರಮೇಣ ಬಾಯಿ ತೆರೆಯಲಾಗದ ಸ್ಥಿತಿ ಇದರ ಲಕ್ಷಣಗಳು. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲಾಗದಿದ್ದರೆ ಪರೀಕ್ಷೆ ಅಗತ್ಯ. ಇದು ಕ್ಯಾನ್ಸರಿನ ಪೂರ್ವಸ್ಥಿತಿಯೂ ಹೌದು. ಕೇರಳದ ಎರ್ನಾಕುಲಂ ಜಿಲ್ಲೆಯ ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 7.6ರಷ್ಟು ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು.

ಇಂಪ್ಲಾಂಟಿಗೂ ಇದಕ್ಕೂ ಏನು ಸಂಬಂಧ? ಮೂಳೆ ಕೊರೆಯುವ ಉಪಕರಣವನ್ನು ನೇರವಾಗಿ ಹಿಡಿಯಲು ಬಾಯಿ ಸಾಕಷ್ಟು ತೆರೆಯಬೇಕು. ಹಿಂಭಾಗದ ದವಡೆಯಲ್ಲಂತೂ ಇದಿಲ್ಲದೆ ಕೆಲಸವೇ ಸಾಗದು. ಬಾಯಿ ತೆರೆಯಲಾಗದವರು ಇಂಪ್ಲಾಂಟಿನ ಸುತ್ತ ಬ್ರಷ್ ಆಡಿಸಲಾರರು. ಅಲ್ಲಿ ಸೋಂಕು ಸೇರಿ ಮೂಳೆ ಮತ್ತೆ ಕರಗುತ್ತದೆ. ಕವಳ ನಿಲ್ಲಿಸಿ, ಬಾಯಿ ತೆರೆಯುವ ವ್ಯಾಯಾಮ ಹಾಗೂ ಅಗತ್ಯವಿದ್ದರೆ ನಾರು ಬಿಡಿಸುವ ಶಸ್ತ್ರಚಿಕಿತ್ಸೆ ಮುಗಿಸಿದ ಬಳಿಕವೇ ಇಂಪ್ಲಾಂಟಿನ ಮಾತು. ಅನುಮಾನಾಸ್ಪದ ಹುಣ್ಣು ಅಥವಾ ಬಿಳಿ, ಕೆಂಪು ಮಚ್ಚೆ ಇದ್ದರೆ ಅದರ ತುಣುಕು ಪರೀಕ್ಷೆ ಎಲ್ಲಕ್ಕಿಂತ ಮೊದಲು ನಡೆಯಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಾಧ್ಯತೆ ಸೇದದವರಿಗಿಂತ ಸುಮಾರು ಎರಡು ಪಟ್ಟು.

ಅಳತೆಯೇ ಅರ್ಧ ಚಿಕಿತ್ಸೆ

ಸಾಮಾನ್ಯ ಇಂಪ್ಲಾಂಟ್ 3.5ರಿಂದ 5 ಮಿ.ಮೀ. ದಪ್ಪ, 8ರಿಂದ 13 ಮಿ.ಮೀ. ಉದ್ದವಿರುತ್ತದೆ. ಅದರ ಎರಡೂ ಬದಿಯಲ್ಲಿ ಕನಿಷ್ಠ 1 ಮಿ.ಮೀ. ಮೂಳೆ ಉಳಿಯಬೇಕು. ಸಾಮಾನ್ಯ ಎಕ್ಸ್‌ರೇ ಮೂಳೆಯ ಎತ್ತರವನ್ನು ತೋರಿಸುತ್ತದೆಯೇ ವಿನಾ ಅಗಲವನ್ನಲ್ಲ. ಆದ್ದರಿಂದ ಮೂಳೆ ಕಡಿಮೆಯಿದೆಯೆಂಬ ಸಂಶಯವಿರುವಲ್ಲಿ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಅಗತ್ಯ. ನರದ ಹಾದಿ, ಸೈನಸ್ಸಿನ ತಳ, ಮೂಳೆಯೊಳಗೆ ಅಡಗಿದ ಗುಳ್ಳೆ ಎಲ್ಲವೂ ಅದರಲ್ಲಿ ಕಾಣುತ್ತವೆ. ಇದರೊಂದಿಗೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಲಾಗುತ್ತದೆ. ಅದು 8 ಮೀರಿದ್ದರೆ ಸಕ್ಕರೆ ಹತೋಟಿಗೆ ಬರುವವರೆಗೆ ಶಸ್ತ್ರಚಿಕಿತ್ಸೆ ಮುಂದೂಡುವುದು ವಾಡಿಕೆ.

ಮೂಳೆ ಕಡಿಮೆಯಿದ್ದಾಗ ಇರುವ ಹಾದಿಗಳು

ಮೂಳೆ ಕಸಿ: ಅಗಲ ಕಡಿಮೆಯಿರುವಲ್ಲಿ ರೋಗಿಯ ಗಲ್ಲ, ಕೆಳದವಡೆಯ ಹಿಂಭಾಗ ಅಥವಾ ಸೊಂಟದಿಂದ ಮೂಳೆ ತೆಗೆದು ಕೂರಿಸಲಾಗುತ್ತದೆ. ಸಣ್ಣ ಕೊರತೆಗೆ ಸಿದ್ಧ ಮೂಳೆಪುಡಿ ಸಾಕಾಗುತ್ತದೆ. ಈ ಪುಡಿಯಲ್ಲಿ ಸಂಶ್ಲೇಷಿತ ಕ್ಯಾಲ್ಸಿಯಂ ಫಾಸ್ಫೇಟಿನಿಂದ ಮಾಡಿದ್ದೂ ಇದೆ, ದನದ ಮೂಳೆಯಿಂದ ಸಂಸ್ಕರಿಸಿದ್ದೂ ಇದೆ. ಅದರ ಮೇಲೆ ಹೊದಿಸುವ ಪೊರೆ ಹಂದಿಯ ಕೊಲ್ಲಾಜೆನ್ನಿನಿಂದ ತಯಾರಾದದ್ದಿರಬಹುದು. ಧಾರ್ಮಿಕ ಅಥವಾ ಆಹಾರ ನಿಷ್ಠೆಯ ಕಾರಣದಿಂದ ಇದನ್ನು ಒಪ್ಪದವರು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳಿತು. ಹೇಳುವುದು ವೈದ್ಯರ ಕರ್ತವ್ಯ, ಪರ್ಯಾಯ ಕೇಳುವುದು ರೋಗಿಯ ಹಕ್ಕು. ಕಸಿ ಮಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ.

ಸೈನಸ್ ಎತ್ತರಿಸುವಿಕೆ: ಮೇಲ್ದವಡೆಯ ಪಕ್ಕದ ಗೋಡೆಯಲ್ಲಿ ಚಿಕ್ಕ ಕಿಟಕಿ ಕೊರೆದು, ಸೈನಸ್ಸಿನ ಪೊರೆಯನ್ನು ಹರಿಯದಂತೆ ಮೇಲಕ್ಕೆತ್ತಿ, ಕೆಳಗಿನ ಜಾಗಕ್ಕೆ ಮೂಳೆಪುಡಿ ತುಂಬಲಾಗುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ವಿಧಾನ ಇಂದು ಸಾಕಷ್ಟು ಪಳಗಿದೆ. ಸೈನಸ್ ಸೋಂಕಿರುವವರು ಮೊದಲು ಅದನ್ನು ಗುಣಪಡಿಸಿಕೊಳ್ಳಬೇಕು.

ಗಿಡ್ಡ ಮತ್ತು ಓರೆ ಇಂಪ್ಲಾಂಟ್: ಎಂಟು ಮಿ.ಮೀ.ಗಿಂತ ಗಿಡ್ಡವಾದ ಇಂಪ್ಲಾಂಟ್‌ಗಳು ಕೆಲವರಿಗೆ ಕಸಿಯನ್ನೇ ತಪ್ಪಿಸುತ್ತವೆ. ಎಲ್ಲ ಹಲ್ಲು ಕಳೆದುಕೊಂಡವರಿಗೆ ಮುಂಭಾಗದಲ್ಲಿ ಎರಡು ನೇರ, ಹಿಂದೆ ಎರಡು ಓರೆ ಇಂಪ್ಲಾಂಟ್ ಕೂರಿಸಿ ಇಡೀ ಸಾಲನ್ನು ನಿಲ್ಲಿಸುವ ವಿಧಾನವನ್ನು ಪೋರ್ಚುಗಲ್ಲಿನ ದಂತ ವೈದ್ಯ ಪಾವ್ಲೊ ಮಾಲೊ ಬಳಕೆಗೆ ತಂದರು.

ಕೆನ್ನೆಮೂಳೆ ಇಂಪ್ಲಾಂಟ್: ಮೇಲ್ದವಡೆ ಪೂರ್ಣ ಸವೆದವರಿಗೆ 30ರಿಂದ 50 ಮಿ.ಮೀ.ಗಿಂತಲೂ ಉದ್ದದ ಇಂಪ್ಲಾಂಟನ್ನು ದವಡೆಯಿಂದ ಕೆನ್ನೆಮೂಳೆಗೆ ತೂರಿಸುವ ಕ್ರಮವಿದೆ. ಇದನ್ನು ರೂಪಿಸಿದವರೂ ಬ್ರೋನೆಮಾರ್ಕರೇ. ಕಣ್ಣುಗೂಡಿನ ಸಮೀಪ ಸಾಗುವ ಈ ಶಸ್ತ್ರಚಿಕಿತ್ಸೆಗೆ ತರಬೇತಿ ಪಡೆದ ಮುಖ-ದವಡೆ ಶಸ್ತ್ರಚಿಕಿತ್ಸಕರೇ ಬೇಕು.

ಕಾಯಿಲೆಯಿಂದ ಬದಲಾದ ದವಡೆ

ಕ್ಯಾನ್ಸರ್ ಅಥವಾ ಅಮಿಲೋಬ್ಲಾಸ್ಟೋಮಾದಂಥ ಗಡ್ಡೆಗಾಗಿ ದವಡೆಯ ಭಾಗವನ್ನೇ ತೆಗೆದುಹಾಕಿದವರಿಗೆ ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳಸಹಿತ ತಂದು ಹೊಸ ದವಡೆ ಕಟ್ಟಲಾಗುತ್ತದೆ. ಕೆಳದವಡೆಗೆ ಈ ವಿಧಾನವನ್ನು ಅಮೆರಿಕದ ಶಸ್ತ್ರಚಿಕಿತ್ಸಕ ಹಿಡಾಲ್ಗೊ 1989ರಲ್ಲಿ ವರದಿ ಮಾಡಿದರು. ಫಿಬುಲಾ ತೆಗೆದ ಬಳಿಕವೂ ರೋಗಿ ನಡೆಯಬಲ್ಲ. ಆ ಮೂಳೆಯಲ್ಲಿ ಇಂಪ್ಲಾಂಟ್ ಕೂರಿಸಲೂ ಸಾಧ್ಯ. ಗಂಜಿ ಕುಡಿದೇ ದಿನ ಕಳೆಯುತ್ತಿದ್ದವರು ಮತ್ತೆ ರೊಟ್ಟಿ, ಅನ್ನ ಅಗಿದು ತಿನ್ನುವಂತಾಗುವುದು ಈ ಚಿಕಿತ್ಸೆಯ ನಿಜವಾದ ಗಳಿಕೆ.

ವಿಕಿರಣ ಚಿಕಿತ್ಸೆ ಪಡೆದ ದವಡೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ವಿಕಿರಣ ಮೂಳೆಯೊಳಗಿನ ಸೂಕ್ಷ್ಮ ರಕ್ತನಾಳಗಳನ್ನು ಮುಚ್ಚುತ್ತದೆ. ಅಂಥ ಮೂಳೆಗೆ ಮಾಡಿದ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ವಿಕಿರಣದ ಪ್ರಮಾಣ 50 ಗ್ರೇ ಮೀರಿದಂತೆ ಈ ಅಪಾಯ ಏರುತ್ತದೆ. ಹಾಗಾಗಿ ಎಷ್ಟು ಗ್ರೇ, ದವಡೆಯ ಯಾವ ಭಾಗಕ್ಕೆ, ಯಾವಾಗ ಎಂಬ ಆಸ್ಪತ್ರೆಯ ದಾಖಲೆಯನ್ನು ರೋಗಿ ಜೋಪಾನವಾಗಿಟ್ಟುಕೊಳ್ಳಬೇಕು. ಕೀಳಲೇಬೇಕಾದ ಹಲ್ಲುಗಳನ್ನು ವಿಕಿರಣ ಆರಂಭಕ್ಕೆ ಕನಿಷ್ಠ ಎರಡು ವಾರ ಮೊದಲೇ ಕೀಳಿಸುವುದು ಕ್ಷೇಮ.

ಮೂಳೆ ಸವೆತಕ್ಕೆ ಔಷಧಿ ಸೇವಿಸುತ್ತಿರುವವರದು ಇನ್ನೊಂದು ಗುಂಪು. ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆ್ಯಸಿಡ್, ಡೆನೊಸುಮ್ಯಾಬ್ ಇವು ಮೂಳೆ ಕರಗುವುದನ್ನು ತಡೆಯುವ ಔಷಧಿಗಳು. ಇವುಗಳಲ್ಲಿ ಕೆಲವನ್ನು ಪಡೆದವರ ದವಡೆ ಮೂಳೆ ಶಸ್ತ್ರಚಿಕಿತ್ಸೆಯ ಬಳಿಕ ಸಾಯುವುದುಂಟೆಂದು 2003ರಲ್ಲಿ ಮೊದಲ ಬಾರಿಗೆ ವರದಿಯಾಯಿತು. ಮೂಳೆ ಸವೆತಕ್ಕಾಗಿ ಮಾತ್ರೆ ನುಂಗುವವರಲ್ಲಿ ಈ ಅಪಾಯ ಅಲ್ಪ. ಕ್ಯಾನ್ಸರ್ ಚಿಕಿತ್ಸೆಯ ಭಾಗವಾಗಿ ಹೆಚ್ಚಿನ ಪ್ರಮಾಣದ ಚುಚ್ಚುಮದ್ದು ಪಡೆಯುತ್ತಿರುವವರಿಗೆ ಇಂಪ್ಲಾಂಟ್ ಸಲ್ಲದು. ‘ವರ್ಷಕ್ಕೊಂದು ಇಂಜೆಕ್ಷನ್’ ಎಂದಷ್ಟೇ ನೆನಪಿಟ್ಟುಕೊಂಡು ದಂತ ವೈದ್ಯರಿಗೆ ತಿಳಿಸದಿರುವುದು ಅನಾಹುತಕ್ಕೆ ದಾರಿ. ಇಂಪ್ಲಾಂಟಿಗಾಗಿ ತಾವೇ ಔಷಧಿ ನಿಲ್ಲಿಸುವುದೂ ತಪ್ಪು. ಡೆನೊಸುಮ್ಯಾಬ್ ಹಠಾತ್ತನೆ ನಿಂತರೆ ಬೆನ್ನುಮೂಳೆ ಮುರಿಯುವ ಸಂಭವವಿದೆ.

ಸೀಳು ಅಂಗುಳ ಅಥವಾ ಹುಟ್ಟಿನಿಂದ ಹಲ್ಲಿಲ್ಲದ ಮಕ್ಕಳಿಗೆ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಇಂಪ್ಲಾಂಟ್ ಹಾಕುವುದಿಲ್ಲ. ದವಡೆ ಬೆಳೆದಂತೆ ಸಹಜ ಹಲ್ಲು ಅದರೊಂದಿಗೆ ಸಾಗುತ್ತದೆ, ಇಂಪ್ಲಾಂಟ್ ಮಾತ್ರ ಕೂತಲ್ಲೇ ಹೂತುಹೋಗುತ್ತದೆ. ಅಲ್ಲಿಯವರೆಗೆ ತೆಗೆದಿಡುವ ಕಟ್ಟುಹಲ್ಲನ್ನು ಕಾಲಕಾಲಕ್ಕೆ ಬದಲಿಸುತ್ತ ಹೋಗುವುದೇ ಕ್ರಮ.

ಎಲ್ಲಿಗೆ ಹೋಗಬೇಕು?

ಒಂದೆರಡು ಹಲ್ಲಿನ ಸರಳ ಇಂಪ್ಲಾಂಟ್ ತಾಲ್ಲೂಕು ಕೇಂದ್ರದಲ್ಲೇ ಸಾಧ್ಯವಿರಬಹುದು. ಮೂಳೆ ಕಸಿ, ಗಡ್ಡೆ, ವಿಕಿರಣದ ಹಿನ್ನೆಲೆ ಇರುವ ಪ್ರಕರಣಕ್ಕೆ ಮುಖ-ದವಡೆ ಶಸ್ತ್ರಚಿಕಿತ್ಸಕ, ವಸಡು ತಜ್ಞ ಮತ್ತು ಕೃತಕ ದಂತ ತಜ್ಞರು ಒಂದೇ ಸೂರಿನಡಿ ಸಿಗುವ ದಂತ ಕಾಲೇಜು ಆಸ್ಪತ್ರೆ ಲೇಸು. ಶಿವಮೊಗ್ಗದ ಶರಾವತಿ ದಂತ ವೈದ್ಯಕೀಯ ಕಾಲೇಜು ಮೂರೂ ತಾಲ್ಲೂಕಿನವರಿಗೆ ತಮ್ಮ ಜಿಲ್ಲೆಯಲ್ಲೇ ಲಭ್ಯ. 1965ರಲ್ಲಿ ಆರಂಭವಾದ ಮಣಿಪಾಲ ದಂತ ವೈದ್ಯಕೀಯ ಕಾಲೇಜು ಆಗುಂಬೆ ಘಾಟಿಯ ಮೂಲಕ ತೀರ್ಥಹಳ್ಳಿಯವರಿಗೆ ಅನುಕೂಲ. ದಾವಣಗೆರೆಯ ಬಾಪೂಜಿ ಮತ್ತು ಧಾರವಾಡದ ಎಸ್‌ಡಿಎಂ ದಂತ ಕಾಲೇಜುಗಳು, ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಉಳಿದ ಪ್ರಮುಖ ಕೇಂದ್ರಗಳು. ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಈ ಚಿಕಿತ್ಸೆ ಒಂದು ದಿನದ್ದಲ್ಲ. ಸ್ಕ್ಯಾನ್, ಕಸಿ, ಹೊಲಿಗೆ ಬಿಚ್ಚುವುದು, ಇಂಪ್ಲಾಂಟ್, ಅಳತೆ, ಹಲ್ಲು ಜೋಡಣೆ ಎಂದು ವರ್ಷದವರೆಗೆ ಹಲವು ಬಾರಿ ಓಡಾಡಬೇಕು. ಸಾಗರದಿಂದ ಶಿವಮೊಗ್ಗೆಗೆ ಸುಮಾರು 70 ಕಿ.ಮೀ., ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಬಳಿಕ ಲಾಂಚ್‌ಗಾಗಿ ಕಾಯುವ ಪಾಡು ತಪ್ಪಿದೆ. ಆದರೂ ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಮಳೆಗಾಲದ ಸಂಚಾರ ಅನಿಶ್ಚಿತ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ವಾರ ಬಾವು, ರಕ್ತಸ್ರಾವ ಕಂಡರೆ ವೈದ್ಯರನ್ನು ತಲುಪುವಂತಿರಬೇಕಾದ್ದರಿಂದ, ತುರ್ತಿಲ್ಲದ ಕಸಿಯನ್ನು ಮಳೆ ಕಳೆದ ಮೇಲೆ ಇಟ್ಟುಕೊಳ್ಳುವುದು ಜಾಣತನ. ಕೊನೆಕೊಯ್ಲಿನ ದಿನಗಳಲ್ಲಿ ಬಿಡುವು ಸಿಗದ ತೋಟದ ಮನೆಯವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ವೆಚ್ಚ ಮತ್ತು ಪರ್ಯಾಯ

ಒಂದು ಇಂಪ್ಲಾಂಟಿಗೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ಕಸಿಯ ಖರ್ಚು ಬೇರೆ. ಆರೋಗ್ಯ ವಿಮೆಗಳು ಅಪಘಾತದ ಹೊರತು ಇದನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಎಲ್ಲರಿಗೂ ಇಂಪ್ಲಾಂಟೇ ಬೇಕೆಂದೂ ಇಲ್ಲ. ಅಕ್ಕಪಕ್ಕದ ಹಲ್ಲು ಗಟ್ಟಿಯಿದ್ದರೆ ಬ್ರಿಜ್ ಸಾಕು. ಕೆಳದವಡೆಯ ಸೆಟ್ಟು ನಿಲ್ಲದವರಿಗೆ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಕೂರಿಸಿ ಅದಕ್ಕೆ ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವ ವ್ಯವಸ್ಥೆ ಕಡಿಮೆ ಖರ್ಚಿನದು. ಕೆಳದವಡೆಯ ಮುಂಭಾಗದಲ್ಲಿ ಎಷ್ಟೇ ಸವೆತವಾದರೂ ಬಹುತೇಕರಿಗೆ ಇಷ್ಟಕ್ಕೆ ಸಾಕಾಗುವ ಮೂಳೆ ಉಳಿದಿರುತ್ತದೆ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲು ರಾಜ್ಯ ಸರ್ಕಾರ ರೂಪಿಸಿದ ದಂತಭಾಗ್ಯ ಯೋಜನೆಯ ಬಗ್ಗೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

* ಸಿಬಿಸಿಟಿಯಲ್ಲಿ ಮೂಳೆಯ ಎತ್ತರ, ಅಗಲ ಎಷ್ಟಿದೆ? ನರ ಅಥವಾ ಸೈನಸ್ಸಿಗೆ ಎಷ್ಟು ಅಂತರ?
* ಕಸಿ ಬೇಕೇ? ಮೂಳೆಪುಡಿ ಯಾವ ಮೂಲದ್ದು?
* ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆಯ ಚೀಟಿ ಸಿಗುವುದೇ? ಮುಂದೆ ಸ್ಕ್ರೂ ಸಡಿಲಗೊಂಡಾಗ ಬೇರೆ ಊರಿನ ವೈದ್ಯರಿಗೂ ಇದೇ ಆಧಾರ.
* ವಿಫಲವಾದರೆ ಮುಂದಿನ ಕ್ರಮವೇನು, ಖರ್ಚು ಯಾರದು?
* ಇಂಪ್ಲಾಂಟಿಲ್ಲದೆ ಬೇರೆ ಯಾವ ಉಪಾಯವಿದೆ?

ರೋಗಿಯೂ ಮುಚ್ಚಿಡದೆ ಹೇಳಬೇಕಾದ ಸಂಗತಿಗಳಿವೆ: ಕವಳ ಮತ್ತು ಹೊಗೆಸೊಪ್ಪಿನ ಅಭ್ಯಾಸ, ಸಕ್ಕರೆ ಕಾಯಿಲೆ, ಹಿಂದೆ ಪಡೆದ ವಿಕಿರಣ, ರಕ್ತ ತೆಳುಗೊಳಿಸುವ ಮಾತ್ರೆ, ಮೂಳೆಗೆ ಪಡೆದ ಚುಚ್ಚುಮದ್ದು. ಹಲ್ಲು ಜೋಡಣೆಯಾದ ಮೇಲೂ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಸಹಜ ಹಲ್ಲಿನಂತೆ ಇಂಪ್ಲಾಂಟ್ ಹುಳುಕಾಗದು. ಆದರೆ ಅದರ ಸುತ್ತಲಿನ ಮೂಳೆ ನೋವಿನ ಸುಳಿವನ್ನೂ ಕೊಡದೆ ಕರಗಬಲ್ಲದು. ಮೊದಲೇ ಮೂಳೆ ಕಡಿಮೆಯಿರುವ ದವಡೆಯಲ್ಲಿ ಹೀಗೆ ಕಳೆದುಹೋದದ್ದನ್ನು ಮತ್ತೊಮ್ಮೆ ತುಂಬಿಕೊಡುವುದು ಬಹಳ ಕಷ್ಟ.